ಅಕ್ಕನ ಅಳತೆಯ ಗಾಡಿ

ಹೂಡಿ
9 ಫೆಬ್ರವರಿ 2025, ಭಾನುವಾರ

ಲಿಖಿ,

ನಿಮ್ಮ ಹಡಗಿನ ಇಂಟರ್ನೆಟ್‌ನಲ್ಲಿ ಫೋಟೋ ಬರಲ್ಲ, ಫೋನು ಹತ್ತಲ್ಲ, ಬರೀ ಅಕ್ಷರ ಬರುತ್ತೆ ಅಂದೆಯಲ್ಲ. ಅದಕ್ಕೇ ಕಾಗದ ಬರೆದ ಹಾಗೆ ಈಮೇಲ್ ಬರೀತಿದ್ದೀನಿ. ನೀನು ಹೋದಾಗಿನಿಂದ ಮನೇಲಿ ವಿಶೇಷ ಏನಿಲ್ಲ. ಅಪ್ಪಂದು ಪಿ.ಜಿ. ಬಾಡಿಗೆದಾರರ ಜೊತೆ ನೀರಿನ ವಿಷಯಕ್ಕೆ ಜಗಳ, ಅಮ್ಮಂದು ಟೆರೇಸ್ ಮೇಲೆ ಸೊಪ್ಪಿನ ಮಡಿ.

ನಾನು ಬರೆಯೋಕೆ ಕೂತಿದ್ದು ಬೇರೆ ವಿಷಯಕ್ಕೆ. ಹಿಂದಿನ ಶೆಡ್‌ನಲ್ಲಿ ಅಪ್ಪ ತೋಟಕ್ಕೆ ನೀರು ಬಿಡ್ತಿದ್ದ, ಪೆಟ್ರೋಲಿನಲ್ಲಿ ಓಡೋ ಪಂಪಿದೆ ನೋಡು. ತೋಟದ ಜಾಗದಲ್ಲಿ ಪಿ.ಜಿ. ಎದ್ದ ಮೇಲೆ ಅದನ್ನ ಯಾರೂ ಮುಟ್ಟಿಲ್ಲ. ಇವತ್ತು ಧೂಳು ಒರೆಸಿ, ಹಳೇ ಪೆಟ್ರೋಲ್ ಚೆಲ್ಲಿ, ಪ್ಲಗ್ ಬಿಚ್ಚಿ ಉಜ್ಜಿ ಹಾಕ್ದೆ. ಹಗ್ಗ ಎಳೆದು ಎಳೆದು ಭುಜ ಬಿದ್ದುಹೋಯ್ತು. ಕೊನೆಗೆ ಇಂಜಿನ್ ಸ್ಟಾರ್ಟ್ ಆಯ್ತು. ಆ ಸದ್ದಿಗೆ ಪಿ.ಜಿ. ಹುಡುಗೀರೆಲ್ಲ ಬಾಲ್ಕನಿಗೆ ಬಂದ್ರು.

ಆ ಇಂಜಿನ್ ಇಟ್ಟು ಒಂದು ಮಿನಿ ಬೈಕ್ ಮಾಡ್ತಿದ್ದೀನಿ. ವಿಡಿಯೋ ನೋಡಿ ನೋಡಿ ಬಾಯಿಪಾಠ ಆಗಿದೆ. ಪೈಪಿನ ಚೌಕಟ್ಟು, ಹಳೇ ಸ್ಕೂಟರಿನ ಸಣ್ಣ ಚಕ್ರ, ಒಂದು ಚೈನು, ಆಕ್ಸಿಲರೇಟರ್ ಕೊಟ್ರೆ ತಾನೇ ಹಿಡ್ಕೊಳ್ಳೋ ಕ್ಲಚ್ಚು. ಗೇರಿನ ಗೋಜಿಲ್ಲ. ಸ್ಪ್ಯಾನರ್ ಕೈಲಿ ಹಿಡಿದಿದ್ದೇ ಈ ವಾರ, ಆದ್ರೂ ಆಗುತ್ತೆ ಅನ್ನಿಸ್ತಿದೆ. ಖರ್ಚು ನನ್ನ ಒಂದು ತಿಂಗಳ ಸಂಬಳದೊಳಗೆ ಮುಗೀಬೇಕು, ಅಷ್ಟೇ ನಿಯಮ.

ನೀನು ಇಂಜಿನ್ ರೂಮಿನವನು, ಹೇಳು. ಪಂಪಿನ ಇಂಜಿನ್‌ಗೆ ಒಬ್ಬರನ್ನ ಎಳೆಯೋ ಶಕ್ತಿ ಇರುತ್ತಾ? ಸೀಟು ನೆಲದಿಂದ ಒಂದೂವರೆ ಅಡಿ ಮೀರಬಾರದು ಅಂದ್ರೆ ಇಂಜಿನ್ ಎಲ್ಲಿ ಕೂರಿಸೋದು?

ಅಕ್ಕ


ಹಡಗಿನಿಂದ, ಸಿಂಗಾಪುರ ದಾಟಿದ ಮೇಲೆ
14 ಫೆಬ್ರವರಿ 2025

ಅಕ್ಕ,

ಓದಿ ನಗು ಬಂತು. ನೀನು ಪ್ಲಗ್ ಬಿಚ್ಚೋದಾ? ಚಿಕ್ಕಪ್ಪನ ಮೊಮ್ಮಗನಿಗೆ ತಾನೆ? ಅವನು ನನ್ನ ಹತ್ರ ಬೈಕ್ ಬೈಕ್ ಅಂತ ಹಟ ಮಾಡ್ತಿದ್ದ. ಅವನಿಗಾದ್ರೆ ಸೀಟು ಒಂದೂವರೆ ಅಡಿ ಸರಿ ಇದೆ. ಆದ್ರೆ ಆ ಇಂಜಿನ್‌ಗೆ ದೊಡ್ಡವರನ್ನೇ ಎಳೆಯೋ ಶಕ್ತಿ ಇದೆ, ಮಕ್ಕಳಿಗೆ ಜಾಸ್ತಿ ಆಯ್ತು. ಆಕ್ಸಿಲರೇಟರ್ ಅರ್ಧಕ್ಕಿಂತ ತಿರುಗದ ಹಾಗೆ ತಡೆ ಹಾಕು. ಇಂಜಿನ್ ಸೀಟಿನ ಕೆಳಗೆ ಬೇಡ, ಸೀಟಿನ ಮುಂದೆ, ಎರಡು ಕಾಲಿನ ಮಧ್ಯೆ ಕೆಳಗಿಡು. ಆಗ ಸೀಟು ತಗ್ಗಿಸಬಹುದು.

ಹೆಬ್ಬೆರಳಿಗೆ ಸಿಗೋ ಹಾಗೆ ಇಂಜಿನ್ ಆಫ್ ಮಾಡೋ ಸ್ವಿಚ್ ಕಡ್ಡಾಯ. ನಂಬರ್ ಪ್ಲೇಟ್ ಇಲ್ಲದ ಗಾಡಿ, ರೋಡಿಗಂತೂ ಬಿಡಲೇಬೇಡ.

ನಿನಗ್ಯಾಕೆ ಈ ಕೆಲಸ? ಗ್ರಿಲ್ ಮಾಡೋರ ಹತ್ರ ಕೊಟ್ರೆ ಅವರೇ ಮಾಡಿಕೊಡ್ತಾರೆ.

ಲಿಖಿತ್


ಹೂಡಿ
16 ಫೆಬ್ರವರಿ 2025

ಲಿಖಿ,

ಗಾಡಿ ನನಗೆ.

ನಮ್ಮ ವಂಶದಲ್ಲಿ ಮೂರು ಮುಕ್ಕಾಲು ಅಡಿ ಇದ್ದು ಮೂವತ್ತೆರಡು ವರ್ಷ ಆಗಿರೋಳು ನಾನೊಬ್ಬಳೇ. ನಿನಗೆ ಅದು ತಲೆಗೇ ಹೋಗಲಿಲ್ಲ ಅಂತ ಬೇಜಾರಿಲ್ಲ. ನೀನು ಐದನೇ ಕ್ಲಾಸಲ್ಲೇ ನನಗಿಂತ ಉದ್ದ ಆದೆ, ಆಗಿನಿಂದ ನಾನು ಅಕ್ಕ ಅನ್ನೋದು ನಿನಗೆ ನೆನಪಿರುತ್ತೆ, ನನ್ನ ಎತ್ತರ ಮರೆತುಹೋಗಿರುತ್ತೆ. ಅದು ಒಳ್ಳೇದೇ.

ಯಾಕೆ ಅಂತ ಹೇಳ್ತೀನಿ. ನಮ್ಮ ಗೋಡೌನಿನಲ್ಲಿ ಯಾರ್ಡ್ ನೋಡ್ಕೊಳ್ಳೋ ಸಿದ್ದರಾಜು ಸಾರ್ ಮೇ ಕೊನೆಗೆ ರಿಟೈರ್ ಆಗ್ತಾರೆ. ಆ ಜಾಗ ನನಗೆ ಬೇಕು. ಯಾವ ಲಾರಿ ಯಾವ ಶೆಡ್ಡಿಗೆ, ಯಾವ ಮಾಲು ಮೊದಲು ಇಳೀಬೇಕು, ಇದೆಲ್ಲ ಬಿಲ್ಲಿಂಗ್ ಟೇಬಲಿನಿಂದ ಈಗಲೂ ನಾನೇ ಹೇಳೋದು. ಮ್ಯಾನೇಜರ್ ಮುನೀಂದ್ರ ಸಾರ್ ಹತ್ರ ಹೋಗಿ ಕೇಳ್ದೆ. ಅವರು ತುಂಬಾ ಮರ್ಯಾದೆಯಿಂದ, "ಕೆಲಸ ನಿಮಗೆ ಬರುತ್ತೆ ಮೇಡಂ, ಅದರಲ್ಲಿ ಮಾತಿಲ್ಲ. ಆದರೆ ನಾಲ್ಕು ಶೆಡ್ಡೂ ಸುತ್ತಬೇಕು, ದಿನಾ ಎಷ್ಟು ಸಲ. ನಿಮ್ಮ ಕಾಲು ನೋವು ನನಗೆ ಗೊತ್ತಿಲ್ವಾ," ಅಂದ್ರು.

ಅವರು ಹೇಳಿದ್ದು ಸುಳ್ಳಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಮಂಡಿ ಮಾತು ಕೇಳಲ್ಲ. ಸಿದ್ದರಾಜು ಸಾರ್ ಸುತ್ತೋದೂ ಸ್ಕೂಟರಿನಲ್ಲೇ, ಕಾಂಪೌಂಡ್ ಒಳಗೇ. ಆ ಸ್ಕೂಟರಿನ ಮೇಲೆ ಕೂತ್ರೆ ನನ್ನ ಕಾಲು ನೆಲಕ್ಕೆ ಸಿಗಲ್ಲ, ಹ್ಯಾಂಡಲ್ ಕೈಗೆ ಸಿಗಲ್ಲ. "ನನ್ನದೇ ಗಾಡಿ ತಂದ್ರೆ?" ಅಂತ ಕೇಳ್ದೆ. "ತನ್ನಿ, ನೋಡೋಣ," ಅಂದ್ರು. ತರಲ್ಲ ಅಂತ ಅಂದ್ಕೊಂಡಿದ್ದಾರೆ.

ಹಾಗಾಗಿ ಆಕ್ಸಿಲರೇಟರ್‌ಗೆ ತಡೆ ಹಾಕಲ್ಲ.

ಅಕ್ಕ


ಹಡಗಿನಿಂದ
2 ಮಾರ್ಚ್ 2025

ಅಕ್ಕ,

ತಪ್ಪಾಯ್ತು. ಆದ್ರೆ ಕೇಳು. ವೆಲ್ಡಿಂಗ್ ಅಂದ್ರೆ ಆಟ ಅಲ್ಲ. ಕಣ್ಣಿಗೆ ಹೊಡೆಯುತ್ತೆ, ಕೈ ಸುಡುತ್ತೆ. ಜೋಡಣೆ ಸರಿಯಿಲ್ಲದ ಚೌಕಟ್ಟು ಓಡುವಾಗ ಬಿಟ್ಟುಹೋದ್ರೆ ಏನು ಗತಿ. ಅಪ್ಪನಿಗೆ ಗೊತ್ತಾ?

ಮೇ ತಿಂಗಳಲ್ಲಿ ನಾನು ರಜಕ್ಕೆ ಬರ್ತೀನಿ. ಬಂದ ವಾರದಲ್ಲೇ ಮಾಡಿಕೊಡ್ತೀನಿ. ಅಲ್ಲಿಯವರೆಗೆ ಕಾಯಿ. ಇಂಜಿನ್ ಹಾಗೇ ಮುಚ್ಚಿಡು.

ಲಿಖಿತ್


ಹೂಡಿ
9 ಮಾರ್ಚ್ 2025

ಲಿಖಿ,

ಕಾದಿಲ್ಲ. ಚೌಕಟ್ಟಿನ ಚಿತ್ರ ಮುಗಿದಿದೆ.

ಶೆಡ್ಡಿನ ನೆಲದ ಮೇಲೆ ಹಾಲಿನ ಕ್ರೇಟ್ ಇಟ್ಟು ಅದರ ಮೇಲೆ ಕೂತೆ. ಕಾಲು ಆರಾಮಾಗಿ ಎಲ್ಲಿ ಊರುತ್ತೋ ಅಲ್ಲಿ ಸೀಮೆಸುಣ್ಣದ ಗೆರೆ. ಬೆನ್ನು ಬಗ್ಗಿಸದೆ ಕೈ ಚಾಚಿ ಎಲ್ಲಿ ಸಾಕು ಅನ್ನಿಸ್ತೋ ಅಲ್ಲಿ ಕೋಲು ನಿಲ್ಲಿಸಿ ಹ್ಯಾಂಡಲ್ಲಿನ ಗುರುತು. ವಿಡಿಯೋದವರ ಅಳತೆ ಒಂದೂ ತಗೊಂಡಿಲ್ಲ. ನನ್ನ ಬೆನ್ನು ಎಲ್ಲರ ಬೆನ್ನಿನಷ್ಟೇ ಉದ್ದ, ಕೈಕಾಲು ಮಾತ್ರ ಗಿಡ್ಡ. ಮಕ್ಕಳ ಗಾಡಿಯ ಅಳತೆಯೂ ನನಗೆ ಆಗಲ್ಲ, ದೊಡ್ಡವರದೂ ಆಗಲ್ಲ.

ನನ್ನ ಜೊತೆ ಅಕೌಂಟ್ಸ್ ಡಿಪ್ಲೊಮಾ ಓದಿದ ಹೇಮಲತಾ ನೆನಪಿದ್ದಾಳಾ? ಪೀಣ್ಯದಲ್ಲಿ ಅವಳದೇ ಫ್ಯಾಬ್ರಿಕೇಶನ್ ಶೆಡ್ಡು. ಅವಳ ಹತ್ರ ಹೋಗಿ ಪೈಪ್ ಬಗ್ಗಿಸಿಕೊಂಡೆ. ವೆಲ್ಡಿಂಗ್ ನಾನೇ ಮಾಡ್ತೀನಿ ಅಂತ ಅಲ್ಲೇ ಕೂತೆ. ಒಂದು ಕಡೆ ಪೂರ್ತಿ ಬೆಸೆದು ಆಮೇಲೆ ಇನ್ನೊಂದು ಕಡೆ ಹೋದೆ. ಬಿಸಿಗೆ ಎಳೆದುಕೊಂಡು ಚೌಕಟ್ಟು ಹಪ್ಪಳದ ಹಾಗೆ ಸೊಟ್ಟಗಾಯ್ತು. ಹೇಮ ನೋಡಿ, "ಮೊದ್ಲು ನಾಲ್ಕೂ ಕಡೆ ಚುಕ್ಕೆ ಇಡಬೇಕು ಕಣೆ, ಆಮೇಲೆ ಬೆಸುಗೆ," ಅಂದ್ಲು. ಮೊದಲೇ ಯಾಕೆ ಹೇಳಲಿಲ್ಲ ಅಂದೆ. "ಹೇಳಿದ್ರೆ ಮರೀತೀಯ," ಅಂತ ನಕ್ಕಳು. ಕತ್ತರಿಸಿ ಮತ್ತೆ ಶುರು ಮಾಡಿದ್ದೀನಿ.

ಅಪ್ಪನಿಗೆ ಶೆಡ್ ಕ್ಲೀನ್ ಮಾಡ್ತಿದ್ದೀನಿ ಅಂತ ಹೇಳಿದ್ದೀನಿ. ಕ್ಲೀನೂ ಆಗಿದೆ.

ಅಕ್ಕ


ಹಡಗಿನಿಂದ
20 ಮಾರ್ಚ್ 2025

ಅಕ್ಕ,

ಇನ್ನು ನೀನು ಒದ್ದಾಡೋದು ಬೇಡ. ಯುಗಾದಿ ಹೊತ್ತಿಗೆ ಮನೆಗೆ ಒಂದು ಪಾರ್ಸೆಲ್ ಬರುತ್ತೆ. ಪೋರ್ಟಿನಲ್ಲಿ ಇಳಿದಾಗ ಆರ್ಡರ್ ಮಾಡಿದ್ದೀನಿ. ಅಪ್ಪನಿಗೂ ಹೇಳಿದ್ದೀನಿ. ತೆಗೆದು ನೋಡಿ ಬರಿ.

ಲಿಖಿತ್


ಹೂಡಿ
2 ಏಪ್ರಿಲ್ 2025

ಲಿಖಿ,

ಬಂತು. ಅಪ್ಪನಿಗೆ ಬಹಳ ಖುಷಿಯಾಗಿದೆ. ಅಮ್ಮ ಅದಕ್ಕೂ ಒಂದು ಹಾರ ಹಾಕಿದಾಳೆ.

ಅಕ್ಕ


ಹಡಗಿನಿಂದ
6 ಏಪ್ರಿಲ್ 2025

ಅಕ್ಕ,

ಅಬ್ಬ, ಈಗ ಸಮಾಧಾನ ಆಯ್ತು. ಇಷ್ಟ ಆಗುತ್ತೋ ಇಲ್ವೋ ಅಂತ ನನಗೆ ಅನುಮಾನ ಇತ್ತು. ಎಲೆಕ್ಟ್ರಿಕ್ ಗಾಡಿ, ಸದ್ದಿಲ್ಲ, ಹೊಗೆ ಇಲ್ಲ, ಚಾರ್ಜ್ ಮಾಡಿ ಹೋಗ್ತಿದ್ರೆ ಆಯ್ತು. ಚಿಟ್ಟೆ ಸ್ಟಿಕ್ಕರ್ ಇದೆ ಅಲ್ವಾ, ಅದನ್ನ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಕಿತ್ತು ಹಾಕು. ಗುಲಾಬಿ ಬಣ್ಣ ಬಿಟ್ರೆ ಬೇರೆ ಸ್ಟಾಕ್ ಇರಲಿಲ್ಲ. ಮುನೀಂದ್ರ ಸಾರ್ ಏನಂದ್ರು? ಹೇಗೆ ಓಡ್ತಿದೆ, ಪೂರ್ತಿ ಬರಿ.

ಇಲ್ಲಿ ನಾನು ಜನರೇಟರ್ ಒಂದನ್ನ ಪೂರ್ತಿ ಬಿಚ್ಚಿ ಜೋಡಿಸಿದೆ. ಚೀಫ್ ಇಂಜಿನಿಯರ್ ಬೆನ್ನು ತಟ್ಟಿದ್ರು. ಎಲ್ಲ ಒಳ್ಳೇದೇ ನಡೀತಿದೆ.

ಲಿಖಿತ್


ಹಡಗಿನಿಂದ
27 ಏಪ್ರಿಲ್ 2025

ಅಕ್ಕ,

ಮೂರು ವಾರ ಆಯ್ತು, ನಿನ್ನಿಂದ ಒಂದು ಸಾಲೂ ಇಲ್ಲ. ಹೊಸ ಗಾಡಿ ಸಿಕ್ಕಿ ತಮ್ಮನನ್ನೇ ಮರೆತುಬಿಟ್ಟೆ ಅಂದ್ಕೊಂಡಿದ್ದೀನಿ. ಹಾಗಾದ್ರೆ ಸಂತೋಷವೇ.

ಲಿಖಿತ್


ಟಿ. ದಾಸರಹಳ್ಳಿ, ಹೇಮಲತಾ ಮನೆ
4 ಮೇ 2025

ಲಿಖಿ,

ಬರೆಯೋಕೆ ಕೈ ಬರಲಿಲ್ಲ. ಈಗ ಬರ್ತಿದೆ, ಹಾಗಾಗಿ ಪೂರ್ತಿ ಬರೀತೀನಿ.

ನೀನು ಕಳಿಸಿದ್ದನ್ನ ನಾನು ಗೋಡೌನಿಗೆ ತಗೊಂಡು ಹೋದೆ. ನೀನು ಪ್ರೀತಿಯಿಂದ ಕಳಿಸಿದ್ದು ಅಂತ ಸ್ಟಿಕ್ಕರ್ ಕಿತ್ತು, ಹತ್ತಿ ಕೂತು ಯಾರ್ಡಿಗೆ ಇಳಿದೆ. ಎರಡನೇ ಶೆಡ್ಡಿನ ಹತ್ರ ಜಲ್ಲಿ ಹಾಕಿದ ಜಾಗದಲ್ಲಿ ಚಕ್ರ ಹೂತು ನಿಂತ್ಕೊಳ್ತು. ಅದು ಮೂವತ್ತು ಕೆಜಿ ತೂಕದ ಮಕ್ಕಳಿಗೆ ಮಾಡಿದ್ದು ಅಂತ ಡಬ್ಬಿ ಮೇಲೇ ಬರೆದಿದೆ. ನನ್ನ ಎತ್ತರ ಮಕ್ಕಳದಿರಬಹುದು, ನಾನು ಮಗು ಅಲ್ಲ. ಲೋಡಿಂಗ್‌ನವರು ನಗಲಿಲ್ಲ. ಪಾಪ ಅಂತ ನೋಡಿ, ಇಬ್ಬರು ಬಂದು ಎತ್ತಿ ಪಕ್ಕಕ್ಕಿಟ್ರು. ನಕ್ಕಿದ್ರೆ ಚೆನ್ನಾಗಿರ್ತಿತ್ತು.

ಸಾಯಂಕಾಲ ಮನೆಗೆ ಬಂದ್ರೆ ಶೆಡ್ ಖಾಲಿ. ಅಪ್ಪ ಇಂಜಿನ್, ನಾನು ಬೆಸೆದು ತಂದಿಟ್ಟಿದ್ದ ಚೌಕಟ್ಟು, ಪೈಪು ಎಲ್ಲ ಗುಜರಿಯವನಿಗೆ ಹಾಕಿಬಿಟ್ಟಿದ್ರು. ಕೇಳಿದ್ರೆ, "ಚೆನ್ನಾಗಿರೋದೇ ಬಂದೈತಲ್ಲವ್ವ, ಇನ್ನು ಆ ಹಳೇ ಕಬ್ಬಿಣ ಯಾಕೆ? ಇಂಗೆ ಯಾಕೆ ಒದ್ದಾಡ್ತೀಯ, ನಾನಿಲ್ವಾ, ಕಾರಿನ ಡ್ರೈವರ್ ಇಲ್ವಾ," ಅಂದ್ರು. ನಾನು ಜಗಳ ಆಡಲಿಲ್ಲ. ಮಾತೇ ಆಡಲಿಲ್ಲ. ಇವತ್ತಿನವರೆಗೂ ಆಡಿಲ್ಲ.

ಮಾರನೇ ದಿನ ರಜ ಹಾಕಿ ಗುಜರಿ ಅಂಗಡಿ ಹುಡುಕಿಕೊಂಡು ಹೋದೆ. ಇಂಜಿನ್ ಇತ್ತು, ಕಾರ್ಬುರೇಟರ್ ಮಾತ್ರ ಆಗಲೇ ಬೇರೆಯವರಿಗೆ ಹೋಗಿತ್ತು. ಚೌಕಟ್ಟು ತುಂಡಾಗಿತ್ತು. ಇಂಜಿನ್ ವಾಪಸ್ ಕೊಂಡು, ಗೂಡ್ಸ್ ಆಟೋದಲ್ಲಿ ಹಾಕಿಸಿ, ಹೂಡಿಯಿಂದ ಪೀಣ್ಯದವರೆಗೆ ಅದರ ಪಕ್ಕದಲ್ಲೇ ಕೂತು ಬಂದೆ. ಹೇಮ ಬಾಗಿಲಲ್ಲಿ ನಿಂತು, "ಇಳಿಸು," ಅಂದ್ಲು. ಇನ್ನೇನೂ ಕೇಳಲಿಲ್ಲ. ಆಗಿನಿಂದ ಶನಿವಾರ ಭಾನುವಾರ ಇಲ್ಲೇ. ಹೊಸ ಚೌಕಟ್ಟು ನಾನೇ ಬೆಸೆದಿದ್ದೀನಿ. ಈ ಸಲ ನೇರ ಇದೆ. ದಾರ ಹಿಡಿದು ನೋಡಿದ್ದೀನಿ.

ಇನ್ನೊಂದು ವಿಷಯ. ನೀನು ಮೇ ತಿಂಗಳಲ್ಲಿ ಬರ್ತೀನಿ, ಕಾಯಿ ಅಂದೆ. ನೀನೇ ಕೇಳಿ ಆಗಸ್ಟ್‌ವರೆಗೆ ಹಡಗಿನ ಕೆಲಸ ಮುಂದುವರಿಸಿಕೊಂಡಿದ್ದೀಯ ಅಂತ ನಿನ್ನೆ ಫೋನಿನಲ್ಲಿ ಅಮ್ಮ ಹೇಳಿದ್ಲು. ಫೆಬ್ರವರಿಯಲ್ಲೇ ಬರೆದುಕೊಟ್ಟಿದ್ದಂತೆ. ಪ್ರಮೋಷನ್‌ಗೆ ಅದು ಬೇಕು, ಅದು ನನಗೆ ಅರ್ಥ ಆಗುತ್ತೆ. ನಿನ್ನ ಪ್ರಮೋಷನ್ ನಿನಗೆ ಮುಖ್ಯ. ನನ್ನದೂ ನನಗೆ ಮುಖ್ಯ ಅಂತ ನಿನಗೆ ಯಾಕೆ ಹೊಳೀಲಿಲ್ಲ? ನಿನ್ನ ಮಾತು ನಂಬಿ ಕೂತಿದ್ರೆ ಆಗಸ್ಟ್‌ನಲ್ಲಿ ಬೇರೆ ಯಾರೋ ಯಾರ್ಡ್ ಸುತ್ತುತ್ತಿದ್ರು.

ಅಕ್ಕ


ಹಡಗಿನಿಂದ
9 ಮೇ 2025

ಅಕ್ಕ,

ನಾಲ್ಕು ಸಲ ಬರೆದು ಅಳಿಸಿದೆ. ನೀನು ಹೇಳಿದ್ದು ನಿಜ. ನೀನು ಆ ಬೈಕ್ ಮುಗಿಸಲ್ಲ, ಬೇಸರ ಬಂದು ಬಿಡ್ತೀಯ, ಮೇ ತಿಂಗಳಲ್ಲಿ ಬರಲ್ಲ ಅಂತ ಆಮೇಲೆ ಹೇಳಿದ್ರೂ ನಡೆಯುತ್ತೆ ಅಂದ್ಕೊಂಡಿದ್ದೆ.

ಅಪ್ಪನ ಹತ್ರ ನಾನು ಮಾತಾಡ್ಲಾ?

ಹೊಸ ಕಾರ್ಬುರೇಟರ್ ಹಾಕಿದಾಗ ಆಕ್ಸಿಲರೇಟರ್ ವೈರ್ ಬಿಗಿಯಾಗಿರದ ಹಾಗೆ ನೋಡು. ಕೈ ಬಿಟ್ರೆ ತಾನೇ ವಾಪಸ್ ಬರಬೇಕು. ಒಂದು ಸ್ಪ್ರಿಂಗ್ ಸಾಲದು, ಎರಡು ಹಾಕು. ಇದು ಅಪ್ಪಣೆ ಅಲ್ಲ. ನಿನಗೆ ಬೇಕಾದ್ರೆ.

ಲಿಖಿ


ಟಿ. ದಾಸರಹಳ್ಳಿ
18 ಮೇ 2025

ಲಿಖಿ,

ಅಪ್ಪನ ಹತ್ರ ನೀನು ಮಾತಾಡೋದು ಬೇಡ. ನಾನೇ ಆಡ್ತೀನಿ, ಗಾಡಿ ಕೆಲಸ ಮುಗಿದ ಮೇಲೆ.

ಗಾಡಿ ಓಡ್ತು. ಹೇಮಳ ಶೆಡ್ಡಿನ ಹಿಂದೆ ಖಾಲಿ ಜಾಗ ಇದೆ, ಅಲ್ಲಿ. ಮೊದಲ ಸಲ ಹತ್ತು ಹೆಜ್ಜೆ ದೂರ ಹೋಗೋದ್ರೊಳಗೆ ಚೈನ್ ಕಳಚಿಕೊಳ್ತು. ಮುಂದಿನ ಹಲ್ಲುಚಕ್ರ ಹಿಂದಿನದಕ್ಕೆ ನೇರ ಇರಲಿಲ್ಲ. ವಾಷರ್ ಸೇರಿಸಿ ಸರಿ ಮಾಡ್ದೆ. ಎರಡನೇ ಸಲ ಚೆನ್ನಾಗಿ ಹೋಯ್ತು. ಎಷ್ಟು ಚೆನ್ನಾಗಿ ಅಂದ್ರೆ ನಿಲ್ಲಿಸೋಕೆ ಮನಸ್ಸಾಗಲಿಲ್ಲ. ನಿಲ್ಲಿಸೋಣ ಅಂತ ಕೈ ಬಿಟ್ರೆ ಆಕ್ಸಿಲರೇಟರ್ ವಾಪಸ್ ಬರಲಿಲ್ಲ. ನಿನ್ನ ಎರಡನೇ ಸ್ಪ್ರಿಂಗ್ ನಾಳೆ ಹಾಕಿದ್ರಾಯ್ತು ಅಂತ ಬಿಟ್ಟಿದ್ದೆ. ಎದುರಿಗೆ ಖಾಲಿ ಡ್ರಮ್ಮಿನ ಸಾಲು. ಹೆಬ್ಬೆರಳಿನ ಸ್ವಿಚ್ ಒತ್ತಿದೆ, ಇಂಜಿನ್ ನಿಂತ್ಕೊಳ್ತು, ಆದ್ರೂ ಬ್ರೇಕ್ ನೆನಪಾಗೋದ್ರೊಳಗೆ ಒಂದು ಡ್ರಮ್ ಉರುಳಿಸಿ ಬಿದ್ದೆ. ಮೊಣಕೈ ತರಚಿದೆ. ಬೇರೇನಿಲ್ಲ.

ಎದ್ದು ಮೊದಲು ಮಾಡಿದ್ದು ಸ್ಪ್ರಿಂಗ್ ಹಾಕಿದ್ದು. ಆಮೇಲೆ ಇನ್ನೊಂದು ಸುತ್ತು ಹೋದೆ, ಅದೇ ಡ್ರಮ್ಮಿನ ಕಡೆಗೇ. ಬ್ರೇಕ್ ಹಿಡೀತು. ನನ್ನ ಬೆರಳು ಗಿಡ್ಡ ಅಂತ ಬ್ರೇಕ್ ಲಿವರ್ ಹಿಡಿಯ ಹತ್ತಿರಕ್ಕೆ ಬಗ್ಗಿಸಿಟ್ಟಿದ್ದೆ, ಎರಡೇ ಬೆರಳಲ್ಲಿ ನಿಲ್ಲುತ್ತೆ.

ಮುನೀಂದ್ರ ಸಾರ್‌ಗೆ ಹೇಳಿದ್ದೀನಿ. ಮೂವತ್ತನೇ ತಾರೀಕು ಶುಕ್ರವಾರ ನೋಡ್ತಾರಂತೆ.

ಅಕ್ಕ


ಹಡಗಿನಿಂದ
21 ಮೇ 2025

ಅಕ್ಕ,

ಡ್ರಮ್ಮಿನ ಸುದ್ದಿ ಓದಿದೆ. ಆಮೇಲೆ ಮತ್ತೆ ಅದರ ಕಡೆಗೇ ಹೋದೆ ಅನ್ನೋದನ್ನ ಎರಡು ಸಲ ಓದಿದೆ.

ಒಂದು ಕೇಳ್ತೀನಿ. ಹೋದ ತಿಂಗಳು ಚೀಫ್ ಬೆನ್ನು ತಟ್ಟಿದ್ರು ಅಂತ ಬರೆದಿದ್ದೆ. ಅದೇ ಜನರೇಟರ್ ಮೊನ್ನೆ ಎಣ್ಣೆ ಸೋರಿಸ್ತು. ನಾನು ಬಿಗಿ ಮಾಡಿದ ಜಾಗದಲ್ಲೇ. ಎಲ್ಲರೆದುರು ಬೈದ್ರು. ಆಗಿನಿಂದ ಅದರ ಹತ್ರ ಹೋಗೋಕೇ ಕಾಲು ಬರ್ತಿಲ್ಲ, ಬೇರೆಯವರಿಗೆ ಬಿಟ್ಟುಕೊಡ್ತಿದ್ದೀನಿ. ಮನೇಲಿ ಹೇಳಬೇಡ. ಬಿದ್ದ ಮೇಲೆ ಮತ್ತೆ ಹತ್ತೋಕೆ ಮುಂಚೆ ನೀನು ಏನು ಯೋಚನೆ ಮಾಡಿದೆ?

ಲಿಖಿ


ಹೂಡಿ
8 ಜೂನ್ 2025, ಭಾನುವಾರ

ಲಿಖಿ,

ಉತ್ತರ ತಡ ಆಯ್ತು. ಹೊಸ ಕೆಲಸ, ಹೊಸ ಸೀಟು. ಹೌದು, ಸಿಕ್ತು. ಹೋದ ಸೋಮವಾರದಿಂದ ಯಾರ್ಡ್ ನನ್ನದು.

ಮೊದಲು ನೀನು ಕೇಳಿದ್ದಕ್ಕೆ ಹೇಳ್ತೀನಿ. ನಾನು ಏನೂ ಯೋಚನೆ ಮಾಡಲಿಲ್ಲ. ಯಾವುದು ಕೈ ಕೊಟ್ಟಿತ್ತು ಅಂತ ಗೊತ್ತಿತ್ತು, ಅದನ್ನ ಸರಿ ಮಾಡ್ದೆ, ಹತ್ತಿದೆ. ನೀನೂ ಹೋಗಿ ಆ ಜನರೇಟರ್ ನಾನೇ ಬಿಚ್ಚಿ ನೋಡ್ತೀನಿ ಅಂತ ಕೇಳು. ಬೇರೆಯವರು ಸರಿ ಮಾಡಿದ್ರೆ ಎಲ್ಲಿ ತಪ್ಪಾಗಿತ್ತು ಅಂತ ನಿನಗೆ ಗೊತ್ತೇ ಆಗಲ್ಲ, ಆ ಭಯ ಹಾಗೇ ಉಳ್ಕೊಳ್ಳುತ್ತೆ.

ಈಗ ಮೂವತ್ತನೇ ತಾರೀಕು ಶುಕ್ರವಾರದ ಕಥೆ. ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಗಾಡಿ ಬಂತು, ಹೇಮಾನೂ ಬಂದ್ಲು. ಸೇಫ್ಟಿ ಆಫೀಸರ್ ಅರ್ಧ ಗಂಟೆ ಅದರ ಸುತ್ತ ಕೂತು ಎದ್ದು ಮಾಡಿದ್ರು. ಬೆಸುಗೆಯನ್ನ ಸುತ್ತಿಗೆಯಲ್ಲಿ ತಟ್ಟಿ ನೋಡಿದ್ರು. "ಯಾರ ಹತ್ರ ಮಾಡಿಸಿದ್ರಿ ಮೇಡಂ?" ಅಂದ್ರು. ನಾನೇ ಅಂದೆ. ಇನ್ನೊಂದು ಸಲ ತಟ್ಟಿದ್ರು. ಹಿಂದೆ ಒಂದು ಕೆಂಪು ದೀಪ ಹಾಕಬೇಕು, ಶೆಡ್ ಒಳಗೆ ತರಬಾರದು, ಬಾಗಿಲವರೆಗೆ ಮಾತ್ರ ಅಂತ ಬರೆದು ಸಹಿ ಹಾಕಿದ್ರು.

ಆಮೇಲೆ ಮುನೀಂದ್ರ ಸಾರ್ ಒಂದು ನಿಜವಾದ ಲೋಡನ್ನೇ ಕೊಟ್ರು. ಮೂರು ಲಾರಿ ಒಟ್ಟಿಗೆ ಬಂದು ನಿಂತಿತ್ತು, ಮಾಲು ಬೇರೆ ಬೇರೆ ಶೆಡ್ಡಿಗೆ. ಹಗ್ಗ ಎಳೆದೆ, ಒಂದೇ ಎಳೆತಕ್ಕೆ ಸ್ಟಾರ್ಟ್ ಆಯ್ತು. ನಾಲ್ಕೂ ಶೆಡ್ ಸುತ್ತಿ, ಯಾವ ಬಾಗಿಲು ಖಾಲಿ ಇದೆ ನೋಡಿ, ಲಾರಿಗಳನ್ನ ಆಯಾ ಬಾಗಿಲಿಗೆ ನಿಲ್ಲಿಸಿ ವಾಪಸ್ ಬರೋ ಹೊತ್ತಿಗೆ ಮುನೀಂದ್ರ ಸಾರ್ ಇನ್ನೂ ಅದೇ ಜಾಗದಲ್ಲಿ ನಿಂತಿದ್ರು. "ಸೋಮವಾರದಿಂದ ಬಿಲ್ಲಿಂಗ್‌ಗೆ ಬೇರೆಯವರನ್ನ ನೋಡಬೇಕಲ್ಲ ಈಗ," ಅಂದ್ರು. ಅವರ ಮುಖದಲ್ಲಿ ನಿಜವಾಗ್ಲೂ ಅದೇ ಚಿಂತೆ ಇತ್ತು.

ಅಷ್ಟರಲ್ಲಿ ಗೇಟಿನಿಂದ ಸೆಕ್ಯೂರಿಟಿ, "ಮೇಡಂ, ನಿಮ್ಮ ತಂದೆಯವರು ಬಂದವ್ರೆ," ಅಂತ ಕೂಗಿದ. ಅಮ್ಮ ಹೇಳಿರಬೇಕು. ಪಂಚೆ, ಬಿಳಿ ಶರ್ಟು, ಚಪ್ಪಲಿ. ಎಷ್ಟು ಹೊತ್ತಿನಿಂದ ನಿಂತಿದ್ರೋ ಗೊತ್ತಿಲ್ಲ, ಶರ್ಟಿನ ಬೆನ್ನು ಬೆವರಿತ್ತು. ನಾನು ಗಾಡಿಯಲ್ಲೇ ಅವರ ಹತ್ರ ಹೋಗಿ ನಿಲ್ಲಿಸಿದೆ.

"ನಮ್ಮ ಪಂಪಿಂದಾ ಇದು?" ಅಂದ್ರು.

"ಹೌದಪ್ಪ."

"ಗುಜರಿಗೆ ಹಾಕಿದ್ದೆನಲ್ಲ."

"ಹೋಗಿ ತಂದೆ."

ಅಪ್ಪ ಕೂತು ಇಂಜಿನ್ ಮೇಲೆ ಕೈ ಇಟ್ರು, ಬಿಸಿಗೆ ತಟ್ಟನೆ ತೆಗೆದ್ರು. "ನನಗೆ ಒಂದು ಮಾತು ಹೇಳಬೌದಿತ್ತು," ಅಂದ್ರು. "ಕೇಳ್ತಿದ್ರಾ?" ಅಂದೆ. ಅವರು ಪಂಚೆ ಅಂಚಿಗೆ ಬೆರಳು ಒರೆಸಿಕೊಂಡ್ರು. "ನಿನ್ನ ಕಾಲು ನೋವು ನೋಡೋಕೆ ಆಗಲ್ಲ ಅಂತ ಅಂಗೆ ಮಾಡ್ದೆ ಕಣವ್ವ," ಅಂದ್ರು ಆಮೇಲೆ. "ನೋವು ಕಡಿಮೆ ಆಗ್ಲಿ ಅಂತಾನೇ ಇದನ್ನ ಮಾಡಿದ್ದು," ಅಂದೆ. ತಲೆ ಆಡಿಸಿದ್ರು. ಬಹಳ ಹೊತ್ತು ಬ್ರೇಕ್, ಚೈನು, ಸ್ಪ್ರಿಂಗ್ ಒಂದೊಂದೇ ಮುಟ್ಟಿ ನೋಡಿದ್ರು.

ಕೊನೆಗೆ, "ನಾನು ಒಂದು ಸುತ್ತು ಹೋಗಲಾ?" ಅಂತ ಕೇಳಿದ್ರು, ಲಿಖಿ. ಅಪ್ಪ ನನ್ನ ಹತ್ರ ಅಪ್ಪಣೆ ಕೇಳಿದ್ದನ್ನ ನಾನು ಅವತ್ತೇ ಮೊದಲು ನೋಡಿದ್ದು.

ಪಂಚೆ ಎತ್ತಿ ಕಟ್ಟಿ ಕೂತ್ರು. ಮಂಡಿ ಕಿವಿ ಹತ್ರ ಬಂತು. ಕಾಲು ಎಲ್ಲಿಡೋದು ಗೊತ್ತಾಗದೆ ಎರಡೂ ಕಡೆ ಚಾಚಿದ್ರು. ಹ್ಯಾಂಡಲ್ ತಿರುಗಿಸಿದ್ರೆ ಮಂಡಿಗೆ ಹೊಡೆಯೋದು. ಬ್ರೇಕಿಗೆ ಕೈ ಹಾಕಿದ್ರೆ ಅವರ ಉದ್ದ ಬೆರಳು ಲಿವರ್ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳೋದು. "ಇದೇನವ್ವ, ಎಲ್ಲೂ ಕೈಕಾಲು ಆಡಲ್ಲ. ಇದ್ರಾಗೆ ಎಂಗೆ ಕೂರ್ತೀಯ ನೀನು," ಅಂದ್ರು. ಲೋಡಿಂಗ್‌ನವರು ಎಲ್ಲ ಬಂದು ನಿಂತು ನಗ್ತಿದ್ರು, ಅಪ್ಪನೂ ನಕ್ಕರು. ನಾನು ಅವರ ಪಕ್ಕ ನಿಂತು ಹೇಗೆ ಕೂರಬೇಕು, ಕೈ ಎಲ್ಲಿಡಬೇಕು ಅಂತ ಹೇಳಿಕೊಟ್ಟೆ. ಆದ್ರೂ ಅವರಿಗೆ ಆಗಲಿಲ್ಲ. ಆಗೋ ಹಾಗೆ ಅದನ್ನ ನಾನು ಮಾಡಿಲ್ಲ.

ಇಳಿದು, ಪಂಚೆ ಕೊಡವಿಕೊಂಡು, "ನೀನು ಹೋಗು, ಲಾರಿ ಕಾಯ್ತಾ ಐತೆ," ಅಂದ್ರು. ನಾನು ಹತ್ತಿ ಕೂತೆ, ಕಾಲು ನೆಲಕ್ಕೆ ಊರಿದೆ, ಹೊರಟೆ.

ಅಕ್ಕ